ಕೋಣ ನೀರಿಗೆ

ಪಾರ್ಕು ಅಂದರೆ ಇಷ್ಟೇ:
ಹನ್ನೊಂದು ಕಾರು ನಿಲ್ಲುವಷ್ಟು ಜಲ್ಲಿ ಹಾಸಿದ ಜಾಗ,
ತಗಡಿನ ಸೂರಿನಡಿ ಒಂದು ಮೇಜು, ಚಿಲಕ ಕಿತ್ತ ಕಕ್ಕಸು,
ಗೌಲ್ಬರ್ನ್ ನದಿಯೊಳಕ್ಕೆ ನಾಲಿಗೆ ಚಾಚಿದ ಕಾಂಕ್ರೀಟು ಇಳಿಜಾರು.
ಪಕ್ಕದಲ್ಲಿ, ರೈಲು ಬಿಟ್ಟುಹೋದ ಹಾದಿಯ ಮೇಲೆ
ಈಗ ಸೈಕಲ್ಲುಗಳು, ನಾಯಿಗಳು,
ನಾಯಿಗಳು ಎಳೆದುಕೊಂಡು ಹೋಗುವ ಜನ.

ಜನವರಿ. ಹೊಲಗಳೆಲ್ಲ ಒಣಗಿ ಬಿಸ್ಕತ್ತಿನ ಬಣ್ಣ.
ನದಿ ಮಾತ್ರ ದಡ ತುಂಬಿ, ಮೂಳೆ ಕೊರೆಯುವಷ್ಟು ತಣ್ಣಗೆ.
ಮೇಲೆಲ್ಲೋ ಅಣೆಕಟ್ಟಿನವರು ತೋಟಗಳಿಗೆಂದು ಬಿಟ್ಟ ನೀರು.
ಚಳಿಗೆ, ಮಳೆ ಹಿಡಿದಾಗ, ಇದು ಸೊರಗುತ್ತದಂತೆ.
ಈ ಊರಲ್ಲಿ ಎಲ್ಲ ತಿರುವುಮುರುವು ಅಂತ ನಗುತ್ತಿದ್ದೆ
ನಮ್ಮ ಸರದಿ ಬರುವ ತನಕ.

ದಿವಾಕರ ಸ್ಟಿಯರಿಂಗು ಎಡಕ್ಕೆ ತಿರುಗಿಸಿದರು,
ಟ್ರೇಲರು ಬಲಕ್ಕೆ ಹೊರಳಿತು.
ಬಲಕ್ಕೆ ತಿರುಗಿಸಿದರು, ಅದು ಮಡಚಿಕೊಂಡು
ಕಾರಿನ ಪಕ್ಕೆಗೇ ಬಂದು ನಿಂತಿತು, ಏನು ವಿಷಯ ಅಂತ ಕೇಳುವ ಹಾಗೆ.
ನಾನು ಹೊರಗೆ ನಿಂತು ಎರಡೂ ಕೈ ಬೀಸುತ್ತಿದ್ದೆ,
ಯಾವ ಕೈಗೆ ಏನರ್ಥವೋ ನನಗೂ ಗೊತ್ತಿರಲಿಲ್ಲ.

ಎತ್ತು ಏರಿಗೆ, ಕೋಣ ನೀರಿಗೆ,
ಇಪ್ಪತ್ತಾರು ವರ್ಷ ಈ ಗಾದೆಯನ್ನು
ನಮ್ಮ ಸಂಸಾರಕ್ಕೇ ಹೇಳಿಕೊಂಡು ಬಂದೆವು.
ಇಲ್ಲಿ ಕೋಣ ನೀರಿಗೇ ಹೋಗಬೇಕು,
ಹೋಗುತ್ತಿಲ್ಲ.

ಹಿಂದೆ ನಾಲ್ಕು ದೋಣಿಗಳು ಸಾಲಾಗಿ.
ಯಾರದೋ ರೇಡಿಯೋದಲ್ಲಿ ಕ್ರಿಕೆಟ್ಟು.
ಒಬ್ಬರೂ ಹಾರ್ನ್ ಹೊಡೆಯಲಿಲ್ಲ.
ಹೊಡೆದಿದ್ದರೆ ಚೆನ್ನಾಗಿತ್ತು.

ಆಗ ಹಾದಿಯ ಕಡೆಯಿಂದ ಬಂದಳು ಗ್ಲೆನಿಸ್,
ಎಪ್ಪತ್ತರ ಮೇಲಿರಬೇಕು, ಊರುಗೋಲು, ಗಂಡಸರ ಟೋಪಿ,
ಮೂಗಿನ ಮೇಲೆ ಬಿಳೀ ಸನ್‌ಸ್ಕ್ರೀನು.
ಕಿಟಕಿಗೆ ಬಗ್ಗಿ ಹೇಳಿದಳು:
'ಕೈನ ಚಕ್ರದ ಬುಡಕ್ಕೆ ಇಡು, ಮಗಾ.
ಟ್ರೇಲರು ಎತ್ತ ಬೇಕೋ ಅತ್ತ ಕೈ ಸರಿಸು.
ಯೋಚನೆ ಮಾಡಬೇಡ.'

ಸರಿಸಿದರು.
ನೆಟ್ಟಗೆ ಹೋಯಿತು, ಸಂತೆಯಿಂದ ಮನೆಗೆ ಹೊರಟ ದನದಂತೆ,
ನೀರು ಕಂಡದ್ದೇ ಚಕ್ರ ಮುಳುಗಿಸಿ ನಿಂತಿತು.

ನಮ್ಮ ತಗಡಿನ ದೋಣಿ ಯಾರಿಂದಲೋ ಕೊಂಡದ್ದು;
ಪಕ್ಕೆಯ ಮೇಲೆ ಅರ್ಧ ಕೆರೆದ ಹಸಿರು ಅಕ್ಷರಗಳು: ಡೋರೀನ್.
ಗ್ಲೆನಿಸ್ ಆ ಹೆಸರಿನ ಮೇಲೆ ಅಂಗೈಯಿಟ್ಟಳು,
ನಾವು ಹಗ್ಗ ಬಿಚ್ಚುವಷ್ಟು ಹೊತ್ತು.
ಕೇಳಬೇಕಿತ್ತು. ಕೇಳಲಿಲ್ಲ.
'ಮಿಕ್ಕದ್ದನ್ನ ಕೆರೀಬೇಡಿ' ಅಂದಳು, ಹಾದಿ ಹಿಡಿದಳು.

ನಡುಹೊಳೆಯಲ್ಲಿ ಎಂಜಿನ್ನು ಆರಿಸಿದಾಗ
ರೆಡ್ ಗಮ್ ಮರಗಳಿಂದ ಕಾಕಟೂಗಳ ಕಿರುಚಾಟ,
ತಗಡಿನಡಿ ನೀರಿನ ಸಣ್ಣ ಮಾತು.
ದಿವಾಕರರ ಬಲಗೈ ಇನ್ನೂ ತೊಡೆಯ ಮೇಲೆ
ಕಾಣದ ಚಕ್ರದ ಬುಡ ಹಿಡಿದು
ಎಡಕ್ಕೆ, ಬಲಕ್ಕೆ.

ದಡದಲ್ಲಿ ಖಾಲಿ ಟ್ರೇಲರು ಬಿಸಿಲು ಕಾಯುತ್ತಿದೆ.
ಸಂಜೆ ಇದನ್ನೆಲ್ಲ ಮತ್ತೆ ಮಾಡಬೇಕು,
ಮತ್ತೆ ಹಿಂದಕ್ಕೆ, ಮತ್ತೆ ಎಲ್ಲರೆದುರಿಗೆ.

ಕೀ ಇತ್ತ ಕೊಡಿ, ಅಂದೆ.