ಕಟಿಂಗ್ ಟೇಬಲ್ಲಿನ ಮೇಲೆ

ಕಬ್ಬನ್‌ಪೇಟೆಯ ಗಲ್ಲಿ. ಷಟರು ಅರ್ಧ ಇಳಿದಿದೆ,
ಇಸ್ತ್ರಿಪೆಟ್ಟಿಗೆ ಇನ್ನೂ ಬಿಸಿ.
ಪಾಂಡೋಜಿ ಮೇಸ್ತ್ರಿ ಚೂರುಬಟ್ಟೆ ಆಚೆ ತಳ್ಳಿ
ಒಂದು ಕಟ್ಟು ಎಲೆ ಇಟ್ಟ.
"ಮೂರೆಲೆ ಬರತ್ತಲ್ಲ? ಮರೆತುಬಿಡು.
ಇದು ಪೋಕರು. ಎದುರಿಗೆ ಕೂತವರ ಅಳತೆ ತಗೋಬೇಕು,
ಟೇಪಿಲ್ಲದೆ."

ದುಡ್ಡಿಲ್ಲ. ಗುಂಡಿ.
ಅಂಗಿಯದು ಒಂದು, ಪ್ಯಾಂಟಿನದು ಐದು,
ಕೋಟಿನ ದಪ್ಪ ಕಂದು ಗುಂಡಿ ಇಪ್ಪತ್ತು.

ತಲೆಗೆರಡು ಎಲೆ, ಬೋರಲು.
ಹಂಚಿದವನ ಎಡಗಡೆಯ ಇಬ್ಬರು
ಎಲೆ ನೋಡುವ ಮೊದಲೇ ಕಟ್ಟಬೇಕು, ಒಬ್ಬರು ಒಂದು, ಇನ್ನೊಬ್ಬರು ಎರಡು.
"ಗಿರಾಕಿ ಬರಲಿ ಬಿಡಲಿ, ಬಾಡಿಗೆ ಕೊಡಲ್ವಾ?"
ಆಮೇಲೆ ಸರದಿ: ಸಮ ಕಟ್ಟು, ಏರಿಸು, ಇಲ್ಲಾ ಮಡಚು.
ದಿನಕ್ಕೆ ನಲವತ್ತು ಕಾಲರು ಮಡಚುವ ಕೈ ನನ್ನದು,
ಎಕ್ಕ ಸಿಕ್ಕರೆ ಮಾತ್ರ ಬೆರಳು ಬಗ್ಗುವುದಿಲ್ಲ.

ನಡುವೆ ಮೂರೆಲೆ, ಅಂಗಾತ. ಅವು ಎಲ್ಲರವು.
ಪಣ. ನಾಲ್ಕನೆಯದು. ಪಣ. ಐದನೆಯದು. ಕೊನೇ ಪಣ.
ಕೈಯ ಎರಡು, ಟೇಬಲ್ಲಿನ ಐದು,
ಏಳರಲ್ಲಿ ಐದು ಹೊಂದಿಸಿಕೊ, ಕಡಿಮೆ ಬಟ್ಟೆಯಲ್ಲಿ ಜುಬ್ಬ ಎಬ್ಬಿಸಿದ ಹಾಗೆ.
ಜೋಡಿಗಿಂತ ಎರಡು ಜೋಡಿ ಮೇಲು,
ಅದಕ್ಕಿಂತ ಒಂದೇ ಥರದ ಮೂರು, ಅದಕ್ಕಿಂತ ಸಾಲಾಗಿ ಐದು,
ಐದೂ ಬರೀ ಕಳಾವರೋ ಆಠೀನೋ ಆದರೆ ಸಾಲೂ ಸೋತಿತು.
"ಇನ್ನೂ ಇದೆ. ಬಂದಾಗ ಹೇಳ್ತೀನಿ. ಬರಲ್ಲ."

ಹತ್ತು ಗಂಟೆ ದಾಟಿ ನನಗೆ ಎರಡು ಕೆಂಪು ರಾಜರು.
ಟೇಬಲ್ಲಿನಲ್ಲಿ ಮೂರನೆಯವನು, ಕಳಾವರ್.
ಕಿವಿ ಕಾದವು. ಮೇಸ್ತ್ರಿ ನನ್ನ ಮುಖ ನೋಡಿ ಮಡಚಿದ.
ಇಲಿಯಾಸ್ ಮಡಚಿದ.
ಕಾಜಾ ಹಾಕುವ ಸಾಕಮ್ಮ
ನಾನು ಏರಿಸಿದಷ್ಟೂ ಇಡುತ್ತ ಬಂದಳು,
ಸೂಜಿಗೆ ದಾರ ಪೋಣಿಸುವ ಅದೇ ಕಣ್ಣಲ್ಲಿ.
ಐದನೆಯ ಎಲೆ ಬಿತ್ತು. ಟೇಬಲ್ಲಿನಲ್ಲೀಗ ನಾಲ್ಕು ಕಳಾವರ್.
ಅವಳು ತನ್ನ ಗುಂಡಿಯನ್ನೆಲ್ಲ ಎರಡೂ ಅಂಗೈಯಲ್ಲಿ ನಡುವೆ ದೂಡಿ
ಸೆರಗು ಸರಿಮಾಡಿಕೊಂಡಳು.
ಹೊರಗೆ ಯಾರೋ ಸ್ಕೂಟರು ಒದೆಯುತ್ತಿದ್ದರು, ಸ್ಟಾರ್ಟಾಗುತ್ತಿರಲಿಲ್ಲ.
ಮಡಚಿದೆ. ಮೂವರು ರಾಜರನ್ನೂ.

"ಏನಿತ್ತಕ್ಕಾ?"
"ಎಲ್ಲರೂ ಬಿಟ್ಟಮೇಲೆ ತೋರಿಸಬೇಕಂತಿಲ್ಲ," ಅಂದ ಮೇಸ್ತ್ರಿ.
ಅವಳು ಎರಡೂ ಎಲೆ ಕಟ್ಟಿನೊಳಗೆ ತೂರಿಸಿ
ಟಿಫಿನ್ ಡಬ್ಬಿ ತೊಳೆಯಲು ಎದ್ದಳು.

ಬೆಳಿಗ್ಗೆ ಅವಳ ಗೆಲುವನ್ನೆಲ್ಲ
ಅಳತೆವಾರು ಡಬ್ಬಿಗೆ ಹಾಕಿ, ಒಂದೊಂದೇ ತೆಗೆದು
ಯಾರ್ಯಾರದೋ ಎದೆಗೆ ಹೊಲಿದೆವು.
ಈಗಲೂ ಮಾರ್ಕೆಟ್ಟಿನ ಬಸ್ಸಲ್ಲಿ
ಕಂದು ಗುಂಡಿಯ ಕೋಟಿನವನು ಎದುರಿಗೆ ನಿಂತರೆ
ಒಂದು, ಎರಡು, ಮೂರು ಎಣಿಸುತ್ತೇನೆ.
ಅವನು ಜೇಬು ಮುಟ್ಟಿಕೊಂಡು ಸ್ವಲ್ಪ ಆಚೆ ಸರಿಯುತ್ತಾನೆ.