ಹಗ್ಗ ಹಿಡದಾಂವ

ಮುಳಗುಂದದ ದನದ ದವಾಖಾನಿ ಅಂಗಳದಾಗ
ಕಬ್ಬಿಣದ ಪೈಪಿಂದು ಒಂದು ಚೌಕಟ್ಟು.
ಡಾಕ್ಟರು ಅದಕ್ಕ ಟ್ರೇವಿಸ್ ಅಂತಾರ,
ಊರವರು ಕಟಕಟಿ ಅಂತಾರ.
ಮೂವತ್ತೊಂದು ವರ್ಷ ಅದರ ಮುಂದ ನಿಂತು
ಮೂಗುದಾಣ ಹಿಡದಾಂವ ನಾನು,
ಹುಸೇನಸಾಬ ನದಾಫ, ಡಿ ದರ್ಜೆ.
ಸೂಜಿ ನಂದಲ್ಲ, ಸಹಿ ನಂದಲ್ಲ.
ಹಿಡಿತ ಅಷ್ಟ ನಂದು.

ಗದಗಿನ ಕಾಲೇಜಿಂದ ಕಲಿಯಾಕ ಬಂದ ಹುಡುಗರು
ಮೊದಲ ಸಲ ಎಮ್ಮಿಯೊಳಗ ಕೈ ಇಟ್ಟದ್ದು
ನಾ ಬಾಲ ಎತ್ತಿ ಹಿಡದಾಗ.
ಭುಜದ ತನಕ ಕೈ ಒಳಗ, ಕಣ್ಣು ಆಕಾಶದಾಗ.
"ಏನ ಸಿಕ್ತ್ರಿ?" ಅಂದ್ರ
"ಬೆಚ್ಚಗೈತಿ" ಅಂದಿದ್ದ ಅಂದಾನೆಪ್ಪ.
ಪರೀಕ್ಷಾದಾಗ ಆ ಉತ್ತರಕ್ಕ ಮಾರ್ಕ್ಸಿಲ್ಲ.
ನಾ ಕೊಟ್ಟಿದ್ದೆ.

ಆ ಅಂದಾನೆಪ್ಪ ಈಗ ಧಾರವಾಡದ ಕಡೆ
ಹೋರಿ ಬೀಜಾನ ಸಣ್ಣ ನಳಿಗ್ಯಾಗ ತುಂಬಿ
ಹೊಗಿ ಉಗುಳೋ ಡಬ್ಬಿಯೊಳಗ ಇಳಸ್ತಾನ.
ಹುಟ್ಟದ ಕರುಗಳ ಲೆಕ್ಕ ಬರಿಯೋ ನೌಕರಿ.
ಬೆಚ್ಚಗೈತಿ ಅಂದಾಂವಗ
ಸೊನ್ನಿಗಿಂತ ನೂರಾ ತೊಂಬತ್ತಾರು ಡಿಗ್ರಿ ಕೆಳಗ ಕೆಲಸ!

ದಾನಮ್ಮ ಗುಡಗೇರಿ ಹುಬ್ಬಳ್ಳಿಯೊಳಗ ನಾಯಿ ಡಾಕ್ಟರು.
ವಿದ್ಯಾನಗರದಾಗ ಗಾಜಿನ ಬಾಗಲಾ, ಎಸಿ,
ನಾಯಿ ಹಲ್ಲು ತೊಳಿಯಾಕ ಬ್ಯಾರೆ ಮಶೀನು.
ನಾ ನಕ್ಕೆ. ಆಕಿ ನಗಲಿಲ್ಲ.
"ಕಾಕಾ, ಮೊನ್ನೆ ಒಬ್ಬ ಬಸ್ ಕಂಡಕ್ಟರ್
ಹದಿನಾಲ್ಕು ವರ್ಷದ ನಾಯಿ ಹೊತಗೊಂಡ ಬಂದು
ಸಾಕ್ರಿ ಮೇಡಂ, ಸೂಜಿ ಕೊಟ್ಟಬಿಡ್ರಿ, ಅಂದ.
ಎಮ್ಮಿಗಾದ್ರ ಒಂದು ಬೆಲಿ ಐತಿ,
ರೈತ ಲೆಕ್ಕಾ ಹಾಕಿ ಅತ್ತು ಮುಗಸ್ತಾನ.
ಇಂವಗ ಹಾಕಾಕ ಲೆಕ್ಕಾನ ಇರಲಿಲ್ಲ.
ಹಿಡಕೊಳ್ಳಾಕ ನೀನೂ ಇರಲಿಲ್ಲ."

ಪ್ರಹ್ಲಾದ ಕಟ್ಟಿ, ಮನ್ಯಾಗ ಉಳ್ಳಾಗಡ್ಡಿ ಸೈತ ತಿನ್ನದಾಂವ,
ನಸಕಿನ್ಯಾಗ ಎದ್ದು ಕಸಾಯಿಖಾನಿಗೆ ಹೋಗಿ
ಕುರಿ ಕಲೀಜಾ ಸೀಳಿ ಹುಳಾ ಹುಡುಕಿ
ತೊಡಿ ಮ್ಯಾಲ ನೀಲಿ ಮುದ್ರಿ ಒತ್ತತಾನ.
ಅವರವ್ವಗ "ಊರ ಆರೋಗ್ಯದ ಕೆಲಸ" ಅಂದಾನಂತ.
ಸುಳ್ಳಲ್ಲ ಬಿಡ್ರಿ.

ಒಬ್ಬ ಕೋಳಿ ಕಂಪನಿಯೊಳಗ
ಹತ್ತು ಸಾವಿರಕ್ಕ ಒಂದ ನಾಡಿ ಹಿಡೀತಾನ.
ಒಬ್ಬಾಂವ ವಿಮಾ ಆಫೀಸಿನ್ಯಾಗ
ಸತ್ತ ಆಕಳ ಕಿವಿಬಿಲ್ಲಿ ಎಣಸ್ತಾನ.
ಬಿಂಕದಕಟ್ಟಿ ಝೂದಾಗ ಇದ್ದಾಂವ ಫೋನ್ ಮಾಡಿ
"ಹುಲಿಗೆ ಸೂಜಿ ಐತಿ, ಹಗ್ಗ ತಗೊಂಡ ಬಾ ಕಾಕಾ" ಅಂತಾನ.
ಮತ್ತೊಬ್ಬ ಎಲ್ಲಾ ಬಿಟ್ಟು ಬ್ಯಾಡಗಿಯೊಳಗ ಮೆಣಸಿನಕಾಯಿ ದಲಾಲಿ.
ಅಂಗಡಿ ಬೋರ್ಡಿನ ಮ್ಯಾಲ ಈಗೂ ಡಾಕ್ಟರ್.

ಇನ್ನ ಜಯಶೀಲಾ.
ದನಾ ಒದೀತಾವಂತ ಮೂರು ಹೆಜ್ಜಿ ದೂರ ನಿಲ್ಲಾಕಿ.
ಓದಿನ್ಯಾಗ ಮುಂದ, ಕಟಕಟಿಗೆ ಬಂದ್ರ ಹಿಂದ.
ಈಗ ಲ್ಯಾಬಿನ್ಯಾಗ ಕುಂತು ಕಾಜಿನ ಪಟ್ಟಿ ನೋಡತಾಳ.
"ಜೀವ ಇರೋ ದನಾ ಮುಟ್ಟಿ ಹತ್ತು ವರ್ಷಾತು" ಅಂತ ತಾನ ಹೇಳ್ಯಾಳ.
ಇಕಿ ಎಂಥಾ ಡಾಕ್ಟರವಾ, ಅಂದಿದ್ದೆ ನಾನು,
ಬಾಯಿಬಿಟ್ಟಲ್ಲ, ಮನಸಿನ್ಯಾಗ.

ಹೋದ ವರ್ಷ ಒಂದ ರಾತ್ರಿಗೆ
ನಮ್ಮ ಹಟ್ಟಿಕಾರರ ಹನ್ನೊಂದು ಕುರಿ ಬಿದ್ವು.
ಹೊಟ್ಟಿ ಉಬ್ಬಿ, ಮೂಗಿನ್ಯಾಗ ಕರೀ ರಕ್ತ.
ಹೊಸಾ ಡಾಕ್ಟರ್ ಚೂರಿ ತಗದ.
ನಾ ಕಾಲು ಅಗಲಿಸಿ ಹಿಡದಿದ್ದೆ, ಬರೀಗೈ.
ಫೋನಿನ್ಯಾಗ ಆಕಿ ಚೀರಿದ್ಲು:
"ಕೊಯ್ಯಬ್ಯಾಡ್ರಿ! ನೆರಡಿ ಇದ್ದೀತು.
ಕಿವಿಯಿಂದ ಒಂದ ಹನಿ ಕಳಸ್ರಿ.
ಮೊದ್ಲ ಹುಸೇನ ಕಾಕಾಗ ಕೈ ಬಿಡಾಕ ಹೇಳ್ರಿ."

ಬಿಟ್ಟೆ.
ಮೂವತ್ತೊಂದು ವರ್ಷದಾಗ ಮೊದಲ ಸಲ
ಹಿಡಿದದ್ದ ಬಿಟ್ಟೆ.
ಸಂಜಿಕ ಉತ್ತರ ಬಂತು: ನೆರಡೀನ.
ಆಳುದ್ದದ ತಗ್ಗು, ಮ್ಯಾಲ ಸುಣ್ಣಾ ಸುರುವಿ ಮುಚ್ಚಿದ್ವಿ.
ನನ್ನ ಎರಡೂ ಕೈ ತಿರುಗಿಸಿ ಮುರುಗಿಸಿ ನೋಡಕೋತ
ರಾತ್ರೆಲ್ಲಾ ಕುಂತಿದ್ದೆ.

ಬರೂ ತಿಂಗಳ ನಂದು ರಿಟೈರ್.
ಹೊಸದಾಗಿ ಬಂದ ಹುಡುಗಿ, ಬೂಟಿಗೆ ಸಗಣಿ ಹತ್ತದಂಗ ನಿಂತು,
"ಕಾಕಾ, ಮುಂದ ನಾ ಏನ ಓದಲಿ? ಏನ ಆಗಲಿ?" ಅಂತಾಳ.
ಅದ ನನಗೇನ ಗೊತ್ತವಾ.
ಎಮ್ಮಿ ಆಗಲಿಂದ ಕಾಯಾಕತ್ತೈತಿ.
ಬಾ, ಬಾಲ ಹಿಡಿ.