ಬಕಾರದ ಮೊಳೆಗಳು

ದುರ್ಗಿಗುಡಿಯ ಮಿಕ್ಸಿ ರಿಪೇರಿ ಅಂಗಡಿ.
ನನ್ನ ಜಾರಿಗೆ ಬ್ಲೇಡು ಕೂರಿಸುತ್ತ ನಜೀರಣ್ಣ
ಗೋಡೆಯ ಟೀವಿಗೆ ಕಣ್ಣು ನೆಟ್ಟಿದ್ದ.
ಅದರೊಳಗೆ ದುಗ್ಗಪ್ಪ ಬಂದ.

ಬಂದ ಅಂದರೆ, ಬುಲೆಟ್ಟಿನ ಮೇಲೆ,
ಕರಿ ಕನ್ನಡಕ, ಬಿಗಿ ತೋಳು,
ಒಂದೇ ಉಸಿರಲ್ಲಿ ಮೂರು ಸಾಲು ಡೈಲಾಗು,
ಒಂದಕ್ಷರವೂ ಎಡವದೆ.

ಇವನಲ್ಲ.
ನಾನು ಕಂಡ ದುಗ್ಗಪ್ಪನಿಗೆ ಸೈಕಲ್ಲೂ ಬಾಡಿಗೆಯದು.
ಹೆಡ್ ಕಾನ್‌ಸ್ಟೇಬಲ್, ಸೀಗೆಹಟ್ಟಿಯಲ್ಲಿ ಒಂದು ಕೋಣೆ,
ಟೋಪಿಯೊಳಗೆ ಮಡಚಿಟ್ಟ ರೇಷನ್ ಚೀಟಿ.
ಅವನನ್ನು ಈ ಎರಡು ಬೆರಳಲ್ಲಿ
ಅಕ್ಷರ ಅಕ್ಷರವಾಗಿ ಎತ್ತಿ ನಿಲ್ಲಿಸಿದವನು ನಾನು,
ಕೋಟೆ ರಸ್ತೆಯ ಪ್ರೆಸ್ಸಿನಲ್ಲಿ, ಎಂಬತ್ಮೂರರಲ್ಲಿ.
ಸೀಸದ ಮೊಳೆ; ಎಲ್ಲ ತಲೆಕೆಳಗು, ತಿರುಗುಮುರುಗು.
ಮುಖಕ್ಕಿಂತ ಮೊದಲು ಕಂಡದ್ದು ಅವನ ಬೆನ್ನು.

‘ಮೂರನೇ ಚಪ್ಪಲಿ’: ನೂರ ಅರವತ್ತು ಪುಟ, ಎಂಟು ರೂಪಾಯಿ.
ಬರೆದವರು ಧರಣೇಂದ್ರ ಮೇಷ್ಟ್ರು.
ಶನಿವಾರ ಕರಡು ತಿದ್ದಲು ಬಂದು
ಸ್ಟೂಲಿನ ಮೇಲೆ ಕೂತು ನನ್ನ ಹೆಸರು ಕೇಳಿದರು.
ಹೇಳಿದೆ. ಮುಂದಿನ ಶನಿವಾರ ಮತ್ತೆ ಕೇಳಿದರು.
ಪಾಪ, ಮರೆವು ಅಂದುಕೊಂಡೆ.

ಮೂವತ್ತಾರನೇ ಪುಟಕ್ಕೆ ಬಂದಾಗ ಗೊತ್ತಾಯಿತು.
ದುಗ್ಗಪ್ಪನ ನಾಲಿಗೆ ಸಿಕ್ಕಿಕೊಳ್ಳುತ್ತಿದ್ದದ್ದು
ಒಂದೇ ಅಕ್ಷರಕ್ಕೆ: ಬ.
ಬೂದ್ಯಪ್ಪ ಅನ್ನುವ ನನ್ನ ಹೆಸರಿನ ಹೊಸ್ತಿಲಲ್ಲಿ
ನಾನು ನಿಂತುಬಿಡುವ ಹಾಗೇ.
ಸಿಟ್ಟು ಬಂತು. ಆದರೂ ಜೋಡಿಸಿದೆ.
ಕೂಲಿ ಪುಟಕ್ಕಿಷ್ಟು ಅಂತ.

ಆ ತೊದಲಿನ ಮೇಲೇ ಕತೆ ನಿಂತಿತ್ತು, ನೋಡಿ.
ಅವನು ಬ ಬ ಅಂತ ತಡವರಿಸಿದರೆ
ಡಾಕ್ಟರು ವಾಚು ನೋಡುವರು, ಇನ್‌ಸ್ಪೆಕ್ಟರು ನಗುವರು,
ಆಸ್ಪತ್ರೆಯ ಆಯಾ ಮುತ್ತಮ್ಮ ಒಬ್ಬಳೇ
ತುತ್ತು ಕೊಟ್ಟ ಹಾಗೆ ಮಾತು ಮುಗಿಸಿಕೊಡುವಳು.
ಬ… ಬ… "ಬೆಲ್ಲವಾ?"
ಬ… ಬ… "ಬಸ್ಸಾ?"
ನೂರ ನಲವತ್ತೊಂದನೇ ಪುಟದಲ್ಲಿ ಅವನು
"ಸಾಹುಕಾರರ ಚಪ್ಪಲಿ ಸಿಕ್ಕಿದ್ದು ಬ… ಬ…" ಅನ್ನುತ್ತಾನೆ.
"ಬಾವೀಲಾ?"
ಬಾವಿಯ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ.

ಕೊಂದವಳು ಸಿಕ್ಕಿಬಿದ್ದದ್ದು ಕರುಣೆಯಿಂದ.
ಆ ಪುಟ ಕಟ್ಟಿದ ರಾತ್ರಿ ನನಗೆ ಊಟ ಸೇರಲಿಲ್ಲ.

ಹಸ್ತಪ್ರತಿಯಲ್ಲಿ ಅಲ್ಲಿ ಹನ್ನೊಂದು ಬ ಇದ್ದವು.
ನನ್ನ ಕೇಸಿನಲ್ಲಿ ಉಳಿದದ್ದು ಏಳು;
ಬಾಕಿಯವೆಲ್ಲ ಯಾರದೋ ಲಗ್ನಪತ್ರಿಕೆಯ
ಬಂಧುಬಳಗದಲ್ಲಿ ಒತ್ತೆ ಬಿದ್ದಿದ್ದವು.
ಏಳೇ ಹಾಕಿದೆ.
ಮೇಷ್ಟ್ರು ಕರಡಿನ ಮೇಲೆ ಬೆರಳಿಟ್ಟು ಎಣಿಸಿದರು,
ನನ್ನ ಮುಖ ನೋಡಿದರು.
"ಇರಲಿ ಬಿಡು, ನಾಲ್ಕರಷ್ಟು ವಾಸಿಯಾಗಲಿ ಅವನಿಗೆ."

ಹಾಗೆ ನೋಡಿದರೆ ಮೊದಲು ತಿದ್ದಿದವನು ನಾನೇ.
ಟೀವಿಯವರು ಮಿಕ್ಕ ಏಳನ್ನೂ ಕಿತ್ತರು, ಅಷ್ಟೆ.

ಕಿತ್ತ ಮೇಲೆ ಮುತ್ತಮ್ಮನಿಗೆ
ಮುಗಿಸಿಕೊಡಲು ಮಾತೇ ಉಳಿಯಲಿಲ್ಲ.
ಕೆಲಸವಿಲ್ಲದವಳಿಗೆ ಕಾಡಿಗೆ ತೀಡಿದರು,
ಬಾಗಿಲ ಸಂದಿಯಲ್ಲಿ ನಿಲ್ಲಿಸಿದರು,
ಅವಳು ಹುಬ್ಬು ಎತ್ತಿದರೆ ಸಿಡಿಲಿನ ಸದ್ದು.
ಬಾವಿ ಮುಚ್ಚಿ ಆ ಜಾಗಕ್ಕೆ ಕಳ್ಳಗಣ್ಣಿನ ಕ್ಯಾಮೆರಾ.
ಹಿಂದೆ ಹರಿಯುವುದು ಯಾವ ಹೊಳೆಯೋ,
ತುಂಗೆ ಅನ್ನುತ್ತಾರೆ,
ಕೋರ್ಪಲಯ್ಯನ ಛತ್ರ ಮಾತ್ರ ಎಲ್ಲೂ ಕಾಣಲಿಲ್ಲ.

ಸುಳ್ಳು ಯಾಕೆ ಹೇಳಲಿ,
ಅವನು ಬಂದೂಕು, ಬೇಡಿ, ಬಂಧನ ಅಂತ
ಬೆಣ್ಣೆಯ ಹಾಗೆ ಉರುಳಿಸುವಾಗ
ನನ್ನ ತುಟಿಯೂ ಒಳಗೊಳಗೇ ಆಡುತ್ತಿತ್ತು.

"ಕೊಂದವರು ಯಾರಿರಬಹುದು ಸಾರ್?"
ಸ್ಕ್ರೂ ಬಾಯಲ್ಲಿಟ್ಟುಕೊಂಡೇ ಕೇಳಿದ ನಜೀರಣ್ಣ.
ಬಾವಿಯಿಂದಲೇ ಶುರು ಮಾಡೋಣ ಅಂತ ಹೊರಟೆ.
"ಬ… ಬ…"
"ಬಿಲ್ಲಾ? ಇನ್ನೂರೈವತ್ತು ಕೊಡಿ, ಸಾಕು."

ಕೊಟ್ಟೆ.
ತಪ್ಪು ಪದ ಕೊಟ್ಟವನು ನಿರಪರಾಧಿ,
ಮೇಷ್ಟ್ರ ಕಾನೂನು ಅದು.